ಪ್ರೌಢಶಾಲೆ ಮಕ್ಕಳಿಗೆ ಕೃಷಿ ಯಂತ್ರಗಳ ಕೈಕೆಲಸ: ಎಲ್ಲಿಂದ ಶುರು ಮಾಡಬೇಕು?

ಕೇಳಿದವರು: ಪ್ರೌಢಶಾಲೆ ಶಿಕ್ಷಕರು
9ನೇ ತರಗತಿಯ 24 ಮಕ್ಕಳಿಗೆ ಕೃಷಿ ಯಂತ್ರಗಳ ಪ್ರಾಯೋಗಿಕ ತರಗತಿ ಶುರು ಮಾಡಬೇಕಿದೆ. ಒಂದು ಖಾಲಿ ಕೊಠಡಿ ಇದೆ, ಸಿಂಗಲ್ ಫೇಸ್ ಕರೆಂಟು ಇದೆ. ಸುತ್ತ ಶೇಂಗಾ ಬೆಳೆಯುವ ಊರುಗಳು. ಮೊದಲು ಯಾವ ಕೆಲಸ ಕೊಡಲಿ? ವೆಲ್ಡಿಂಗ್ ಮಾಡಿಸಬಹುದೇ? ಬಲ್ಲವರು ತಿಳಿಸಿ.

ಸ್ಪ್ರೇಯರ್ ರಿಪೇರಿ ಮಾಡುವವರು
ಸರ್, ವೆಲ್ಡಿಂಗ್ ಆಮೇಲಿರಲಿ. ಬೆನ್ನಿಗೆ ಹಾಕುವ 16 ಲೀಟರಿನ ಕೈಪಂಪಿನಿಂದ ಶುರು ಮಾಡಿ. ದಯವಿಟ್ಟು ಹೊಸದನ್ನೇ ಕೊಳ್ಳಿ. ಔಷಧಿ ಹೊಡೆದ ಪಂಪನ್ನು ಎಷ್ಟು ತೊಳೆದರೂ ವಾಷರ್, ಪೈಪುಗಳಲ್ಲಿ ವಿಷ ಉಳಿದಿರುತ್ತದೆ. ಪಾಠದ ಪಂಪಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು.

ಬಿಚ್ಚಿದ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿಸಿ. ಜೋಡಿಸುವಾಗ ಅದೇ ಸಾಲನ್ನು ಹಿಂದಿನಿಂದ ಹಿಡಿದರೆ ಸಾಕು. ಒತ್ತಡ ಏರದಿದ್ದರೆ ಮೊದಲು ನೋಡಬೇಕಾದದ್ದು ಪಿಸ್ಟನ್ ವಾಷರ್: ಒಣಗಿ ಸೆಟೆದಿರುತ್ತದೆ, ಇಲ್ಲವೇ ಅಂಚು ಹರಿದಿರುತ್ತದೆ. ಅದು ಸರಿಯಿದ್ದರೆ ವಾಲ್ವಿನಲ್ಲಿ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ. ನಾಜಲ್ ಕಟ್ಟಿಕೊಂಡರೆ ತಂತಿಯಿಂದ ಚುಚ್ಚಬಾರದು, ತೂತು ದೊಡ್ಡದಾಗಿ ಹನಿ ದಪ್ಪವಾಗುತ್ತದೆ. ಬಾಯಿಂದ ಊದುವ ಅಭ್ಯಾಸವಂತೂ ಮಕ್ಕಳಿಗೆ ಬರಲೇಬಾರದು. ಹಳೆ ಹಲ್ಲುಜ್ಜುವ ಬ್ರಷ್ಷು ಸಾಕು.

ಆಮೇಲೆ ಲೆಕ್ಕ. ಒಂದು ನಿಮಿಷ ಹೊಡೆದ ನೀರನ್ನು ಅಳತೆ ಜಾಡಿಗೆ ಹಿಡಿಯಿರಿ, 600 ಮಿಲಿ ಬಂತು ಅನ್ನಿ. ಹುಡುಗ ನಿಮಿಷಕ್ಕೆ 40 ಮೀಟರ್ ನಡೆದು, ಒಂದು ಮೀಟರ್ ಅಗಲ ನೆನೆಸಿದರೆ 40 ಚದರ ಮೀಟರ್ ಆಯಿತು. ಎಕರೆಗೆ 4047 ಚದರ ಮೀಟರ್. ಅಂದರೆ ಸುಮಾರು 61 ಲೀಟರ್, ನಾಲ್ಕು ಟ್ಯಾಂಕಿಗೆ ತುಸು ಕಡಿಮೆ. ನಡಿಗೆ ನಿಧಾನವಾದರೆ ಔಷಧಿ ಎಷ್ಟು ಹೆಚ್ಚು ಬೀಳುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿ ನೋಡಲಿ. ಗಣಿತದ ಮೇಷ್ಟ್ರನ್ನೂ ಕರೆಯಿರಿ.

ಫ್ಯಾಬ್ರಿಕೇಶನ್ ಕೆಲಸದವರು
ಎರಡನೆಯದಕ್ಕೆ ಸೈಕಲ್ ಕುಂಟೆ ಮಾಡಿಸಿ, ಅಂದರೆ ಸಾಲಿನ ನಡುವೆ ಕೈಯಿಂದ ತಳ್ಳಿ ಕಳೆ ತೆಗೆಯುವ ಒಂದು ಚಕ್ರದ ಸಾಧನ. ಹಳೆ ಸೈಕಲ್ಲಿನ ಮುಂದಿನ ಚಕ್ರ, ಫೋರ್ಕು, 25 ಮಿ.ಮೀ. ಚೌಕ ಪೈಪು, ಒಂದು ಬ್ಲೇಡು, ಇಷ್ಟೇ ಸಾಮಾನು. ಶೇಂಗಾ ಸಾಲು 30 ಸೆಂ.ಮೀ. ಇದ್ದರೆ ಬ್ಲೇಡು 15 ಸೆಂ.ಮೀ. ಸಾಕು, ಎರಡೂ ಕಡೆ ಬೇರಿಗೆ ಜಾಗ ಉಳಿಯುತ್ತದೆ. ಬ್ಲೇಡಿನ ಬಾಗು ಹೆಚ್ಚಾದರೆ ಅದು ಮಣ್ಣಿಗೆ ಕಚ್ಚಿ ಚಕ್ರ ಮೇಲೇಳುತ್ತದೆ, ಕಡಿಮೆಯಾದರೆ ಕಳೆಯ ಮೇಲೆ ಜಾರುತ್ತದೆ. ಅದಕ್ಕೇ ಬ್ಲೇಡಿನ ಕಾಲಿಗೆ ಮೂರು ತೂತು ಕೊರೆದು ಬೋಲ್ಟಿನಲ್ಲಿ ಬಿಗಿಯಿರಿ, ಹೊಲದಲ್ಲಿ ತಳ್ಳಿ ನೋಡಿ ಸರಿಮಾಡಿಕೊಳ್ಳಬಹುದು.

ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿಯಿಂದ ಬ್ಲೇಡು ಮಾಡುವುದಾದರೆ ಅದನ್ನು ನೇರವಾಗಿ ವೆಲ್ಡ್ ಮಾಡಬೇಡಿ. ಇಂಗಾಲ ಹೆಚ್ಚಿರುವ ಉಕ್ಕು ಅದು. ಬೆಸುಗೆಯ ಪಕ್ಕದಲ್ಲೇ ಗಡಸಾಗಿ, ಕಲ್ಲು ಸಿಕ್ಕಿದ ದಿನ ಪಟ್ಟನೆ ಮುರಿಯುತ್ತದೆ. ಊರಿನ ಕಮ್ಮಾರರ ಹತ್ತಿರ ಕಾಯಿಸಿ ತೂತು ಹೊಡೆಸಿ.

ಅಳತೆ, ಹ್ಯಾಕ್ಸಾ, ಅರ, ಡ್ರಿಲ್ಲು ಮಕ್ಕಳ ಕೈಗೆ. ವೆಲ್ಡಿಂಗ್ ಈ ವರ್ಷ ತರಬೇತಾದವರೇ ಮಾಡಲಿ. ಮಕ್ಕಳು ಪರದೆಯ ಆಚೆ ನಿಲ್ಲಲಿ, ಕಿಡಿಯನ್ನು ಬರಿಗಣ್ಣಲ್ಲಿ ನೋಡಿದರೆ ರಾತ್ರಿ ಕಣ್ಣಲ್ಲಿ ಮರಳು ಹೊಕ್ಕಂತೆ ಉರಿಯುತ್ತದೆ. ಮೊದಲು ಫ್ರೇಮಿನ ನಾಲ್ಕು ಮೂಲೆಗೂ ಟ್ಯಾಕ್ (ಹಿಡಿದಿಡುವ ಚಿಕ್ಕ ಚುಕ್ಕೆ ಬೆಸುಗೆ) ಹಾಕಿ, ಮಕ್ಕಳ ಕೈಯಲ್ಲೇ ಮೂಲೆಯಿಂದ ಮೂಲೆಗೆ ಅಳತೆ ಹಿಡಿಸಿ. ಎರಡೂ ಕರ್ಣ ಸಮ ಬಂದ ಮೇಲೇ ಪೂರ್ತಿ ಬೆಸುಗೆ. ಒಂದೇ ಕಡೆ ಎಳೆದರೆ ಫ್ರೇಮು ಸೊಟ್ಟಗಾಗುತ್ತದೆ. ಜಿಐ (ಸತು ಲೇಪಿಸಿದ) ಪೈಪು ತರಲೇಬೇಡಿ, ಸುಟ್ಟ ಸತುವಿನ ಹೊಗೆಗೆ ಜ್ವರ ಬರುತ್ತದೆ.

ಎಂಜಿನ್ ಮೆಕ್ಯಾನಿಕ್
ಮೇಲಿನ ಇಬ್ಬರ ಮಾತೂ ಸರಿ. 10ನೇ ತರಗತಿಗೆ ಒಂದು ಕೆಟ್ಟ ಪೆಟ್ರೋಲ್ ಪಂಪ್‌ಸೆಟ್ ಎಂಜಿನ್ ಎತ್ತಿಡಿ. ಹೋಂಡಾ ಜಿಎಕ್ಸ್160 ಸಿಕ್ಕರೆ ಸ್ಪಾರ್ಕ್ ಪ್ಲಗ್ ಗ್ಯಾಪು 0.7ರಿಂದ 0.8 ಮಿ.ಮೀ., ವಾಲ್ವ್ ಸಂದು ಇನ್‌ಲೆಟ್‌ಗೆ 0.15, ಎಕ್ಸಾಸ್ಟಿಗೆ 0.20, ಎಂಜಿನ್ ತಣ್ಣಗಿದ್ದಾಗ. ಫೀಲರ್ ಗೇಜು (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತುಸು ಹಿಡಿದಂತೆ ಜಾರಬೇಕು. ಆ ಹಿಡಿತ ಬೆರಳಿಗೆ ಗೊತ್ತಾಗಲು ಪ್ರತಿಯೊಬ್ಬರಿಗೂ ಹತ್ತು ಸಲವಾದರೂ ಅವಕಾಶ ಬೇಕು. ನಾಲ್ಕು ಮಕ್ಕಳಿಗೆ ಒಂದು ಗೇಜು ಇರಲಿ.

ಬಿಚ್ಚುವ ಮೊದಲು ಪೆಟ್ರೋಲ್ ಪೂರ್ತಿ ಹೊರತೆಗೆದು, ಪ್ಲಗ್ ಕ್ಯಾಪ್ ಕಿತ್ತಿಡಿ. ತರಗತಿಯಲ್ಲಿ ಚಾಲೂ ಮಾಡಬೇಡಿ, ಬಯಲಿಗೆ ತನ್ನಿ. ಗೋಡೆಗೆ ಹಲಗೆ ಹೊಡೆದು ಪ್ರತಿ ಸ್ಪ್ಯಾನರಿನ ಆಕಾರವನ್ನು ಬಣ್ಣದಲ್ಲಿ ಬರೆಸಿ. ಬೆಲ್ ಹೊಡೆಯುವ ಐದು ನಿಮಿಷ ಮೊದಲು ಆ ಗುರುತುಗಳೆಲ್ಲ ಮುಚ್ಚಿರಬೇಕು.