ಬಳಚಿನ ನಷ್ಟವನ್ನು ಯಾವ ಲೆಕ್ಕದಲ್ಲಿ ಕಳೆಯುತ್ತಾರೆ?

ಪ್ರಶ್ನೆ (ಕುಮಟಾ, ಬಿ.ಎ. ವಿದ್ಯಾರ್ಥಿನಿ):
ನಮ್ಮ ಮನೆ ಅಘನಾಶಿನಿ ಅಳಿವೆಯ ಹತ್ತಿರ. ನೀರು ಇಳಿದಾಗ ಅಮ್ಮ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯಲು ಹೋಗುತ್ತಾಳೆ. ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪನ್ನದ ಪಾಠ ಕೇಳುವಾಗ ಒಂದು ಅನುಮಾನ ಬಂತು. ಹೊಳೆಯ ರೇತಿ (ಮರಳು) ತೆಗೆದು ಮಾರಿದರೆ ಅದು ಆದಾಯ. ಅದರಿಂದ ಅಲ್ಲಿ ಬಳಚು ಹುಟ್ಟುವುದೇ ನಿಂತರೆ, ಆ ನಷ್ಟವನ್ನು ಜಿಡಿಪಿಯಿಂದ ಕಳೆಯುವುದಿಲ್ಲ. ಇದನ್ನು ಲೆಕ್ಕಕ್ಕೆ ಹಿಡಿಯುವ ಬೇರೆ ಅರ್ಥಶಾಸ್ತ್ರ ಇದೆಯಾ?

ಉತ್ತರ (ಶಿರಸಿ, ಅಡಿಕೆ ಬೆಳೆಗಾರ):
ಇದೆ ತಂಗಿ. ಇಕಲಾಜಿಕಲ್ ಎಕನಾಮಿಕ್ಸ್, ಅಂದರೆ ಪ್ರಕೃತಿಯನ್ನೂ ಲೆಕ್ಕಕ್ಕೆ ಹಿಡಿಯುವ ಅರ್ಥಶಾಸ್ತ್ರ ಅಂತ ಹುಡುಕು. ಅದಕ್ಕೆ ಬುನಾದಿ ಹಾಕಿದವರಲ್ಲಿ ಅಮೆರಿಕದ ಹರ್ಮನ್ ಡೇಲಿ ಒಬ್ಬರು. ವಿಶ್ವಬ್ಯಾಂಕಿನಲ್ಲೂ ಕೆಲಸ ಮಾಡಿದ್ದರು, 2022ರಲ್ಲಿ ತೀರಿಕೊಂಡರು. ನಿನ್ನ ಪುಸ್ತಕದಲ್ಲಿ ಮನೆಗಳು ಮತ್ತು ಕಂಪನಿಗಳ ನಡುವೆ ಹಣ ಸುತ್ತುವ ಚಿತ್ರ ಇರುತ್ತದಲ್ಲ? ಅದರಲ್ಲಿ ಹೊಳೆ, ಕಾಡು, ಸಮುದ್ರ ಯಾವುದೂ ಇಲ್ಲ. ಡೇಲಿಯವರ ತಕರಾರು ಅದೇ. ಅವರು ಮೀನಿನ ಉದಾಹರಣೆ ಕೊಡುತ್ತಿದ್ದರು. ಹಿಂದೆ ದೋಣಿ ಎಷ್ಟಿವೆಯೋ ಅಷ್ಟು ಮೀನು. ಈಗ ಸಮುದ್ರದಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ. ಹಾಗಿರುವಾಗ ಇನ್ನಷ್ಟು ದೋಣಿಗೆ ಸಾಲ ಕೊಟ್ಟು ಏನು ಪ್ರಯೋಜನ?

ನಮ್ಮಲ್ಲೂ ಇಂಥ ಕೆಲಸ ಆಗಿದೆ. ಬೇಡ್ತಿ ಹೊಳೆಗೆ ಜಲವಿದ್ಯುತ್ ಯೋಜನೆ ಬಂದಾಗ, 1981ರಲ್ಲಿ ಶಿರಸಿಯಲ್ಲಿ ತೋಟಿಗರೂ ವಿಜ್ಞಾನಿಗಳೂ ಒಟ್ಟಿಗೆ ಕೂತು ಲಾಭ-ನಷ್ಟವನ್ನು ಮತ್ತೆ ನೋಡಿದರು. ಮುಳುಗುವ ತೋಟ, ಕಾಡನ್ನೂ ಸೇರಿಸಿದರು. ಮುಂದೆ ಸರ್ಕಾರ ಯೋಜನೆ ಕೈಬಿಟ್ಟಿತು. ಅದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಉತ್ತರ (ಕಾರವಾರ):
ಹೆಮ್ಮೆ ಸರಿ. ಆದರೆ ರೂಪಾಯಿಯಲ್ಲಿ ಹೇಳದಿದ್ದರೆ ಕಚೇರಿಗಳಲ್ಲಿ ಯಾರೂ ಕಿವಿಗೊಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಅಘನಾಶಿನಿಯ ಬಳಚಿಗೆ ಲೆಕ್ಕ ಹಾಕಿದ್ದಾರೆ. ಆ ಅಧ್ಯಯನ ನಡೆದಾಗ ವರ್ಷಕ್ಕೆ ಸುಮಾರು 22,000 ಟನ್, 5.78 ಕೋಟಿ ರೂಪಾಯಿ, 2,300ಕ್ಕೂ ಹೆಚ್ಚು ಜನರಿಗೆ ಕೆಲಸ. 2024ರಲ್ಲಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಂಕಿ ಇದ್ದರೆ ವಾದ ಗಟ್ಟಿ.

ಉತ್ತರ (ಶಿರಸಿ):
ಅಂಕಿ ಬೇಕು, ಒಪ್ಪಿದೆ. ಆದರೆ ನಾಳೆ ಯಾರಾದರೂ 50 ಕೋಟಿ ಲಾಭದ ಯೋಜನೆ ತಂದರೆ 5.78 ಕೋಟಿ ಸೋಲುತ್ತದೆ ಅಲ್ವಾ? ಅದೂ ಬರೀ ಬಳಚಿನ ಬೆಲೆ. ಆ ಕೆಸರಲ್ಲಿ ಬೆಳೆಯುವ ಮೀನುಮರಿ, ದಡ ಕಾಯುವ ಕಾಂಡ್ಲಾ ಗಿಡ, ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಭತ್ತ ಎಲ್ಲ ಅದರ ಹೊರಗೇ ಉಳಿದವು. ಅದಕ್ಕೇ ಡೇಲಿ ಬೆಲೆಗಿಂತ ಮೊದಲು ಮಿತಿ ಕೇಳುತ್ತಾರೆ. ಹುಟ್ಟುವುದಕ್ಕಿಂತ ಜಾಸ್ತಿ ತೆಗೆಯಬಾರದು. ಹೊಳೆ ತಡೆದುಕೊಳ್ಳುವುದಕ್ಕಿಂತ ಜಾಸ್ತಿ ಕೊಳೆ ಬಿಡಬಾರದು. ವ್ಯಾಪಾರ ಏನಿದ್ದರೂ ಅದರೊಳಗೆ ನಡೆಯಲಿ.

ತಂಗಿ, ಕಾಲೇಜಿಗೆ ಪ್ರಾಜೆಕ್ಟ್ ಮಾಡುವುದಿದ್ದರೆ ಅಮ್ಮನ ಜೊತೆ ಹೋಗುವವರನ್ನು ಕೇಳು. ಯಾವ ಜಾಗದಲ್ಲಿ ಈಗ ಬಳಚು ಸಿಗುವುದಿಲ್ಲ, ಯಾವಾಗಿಂದ ಸಿಗುತ್ತಿಲ್ಲ, ರೇತಿ ತೆಗೆದದ್ದು ಯಾವ ವರ್ಷ. ಎರಡನ್ನೂ ಅಕ್ಕಪಕ್ಕ ಬರೆದು ಇಲ್ಲಿ ಹಾಕು, ನೋಡೋಣ.