ನಾಲ್ಕೂವರೆ ವರ್ಷದ ಮಗಳು, ಸರಿಗಮ ಅಂದರೆ ಹೊಟ್ಟೆನೋವು: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಗಳು ಸದಾ ಏನಾದರೂ ಗುನುಗುತ್ತಿರುತ್ತಾಳೆ ಅಂತ ಜೂನ್‌ನಲ್ಲಿ ಸಂಗೀತದ ಕ್ಲಾಸಿಗೆ ಸೇರಿಸಿದೆವು. ವಾರಕ್ಕೆ ಎರಡು ದಿನ. ಅಲ್ಲಿ ಬಾಯಿ ಬಿಡದೆ ಕೂತಿರುತ್ತಾಳಂತೆ. ಮನೆಯಲ್ಲಿ ದಿನಾ ಅರ್ಧ ಗಂಟೆ ಅಭ್ಯಾಸ ಮಾಡಿಸಿ ಅಂದಿದ್ದಾರೆ. ಸಂಜೆ ಚಾಪೆ ಹಾಸಿದರೆ ಸಾಕು, ಹೊಟ್ಟೆನೋವು ಶುರು. ಈಗ ಎರಡು ವಾರದಿಂದ ಗುನುಗುವುದೂ ನಿಂತಿದೆ. ನನಗೆ ಅದೇ ಸಂಕಟ. ನನಗೂ ಯಜಮಾನರಿಗೂ ಸಂಗೀತ ಬರುವುದಿಲ್ಲ. ಅತ್ತೆ ದೇವರನಾಮ ಹೇಳುತ್ತಾರೆ, ಅಷ್ಟೆ. ಕ್ಲಾಸ್ ಬಿಡಿಸಬೇಕಾ? ಆಟದ ಥರ ಏನಾದರೂ ಮಾಡಬಹುದಾ? ಚಿಕ್ಕವನೂ ಒಬ್ಬ ಇದ್ದಾನೆ, ಒಂದೂವರೆ ವರ್ಷ. ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಾನೆ.

ಸರಸ್ವತಿಪುರಂನಿಂದ, ಇಬ್ಬರು ಹುಡುಗರ ಅಮ್ಮ

ಮೊದಲು ಆ ಚಾಪೆ ಸುತ್ತಿಡಿ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ದೊಡ್ಡವನಿಗೆ ಐದು ವರ್ಷ ಇದ್ದಾಗ ನಾನೂ ಇದನ್ನೇ ಮಾಡಿದೆ. ಆಫೀಸಿನಿಂದ ಬಂದವಳು ಚಪ್ಪಲಿ ಬಿಡುತ್ತಲೇ "ಎಲ್ಲಿ, ಇವತ್ತಿಂದು ಒಪ್ಪಿಸು" ಅನ್ನುತ್ತಿದ್ದೆ. ಮಗ್ಗಿ ಒಪ್ಪಿಸಿದ ಹಾಗೆ ಸರಿಗಮ ಒಪ್ಪಿಸುತ್ತಿದ್ದ. ಒಂದು ದಿನ ಒಬ್ಬನೇ ಕೂತು ಕರಡಿ ಬೊಂಬೆಗೆ ಬೈಯುತ್ತಿದ್ದ: "ಸರಿಯಾಗಿ ಹಾಡು, ಎಷ್ಟು ಸಲ ಹೇಳಬೇಕು ನಿಂಗೆ?" ದನಿ ಥೇಟ್ ನನ್ನದೇ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ನಾಚಿಕೆಯಾಯಿತು.

ಆಮೇಲೆ ಎರಡು ತಿಂಗಳು ಏನೂ ಕೇಳಲಿಲ್ಲ. ನಾನೇ ಕಲಿಯಲು ಶುರು ಮಾಡಿದೆ. ಕ್ಲಾಸಿನ ಹೊರಗೆ ಫೋನ್ ನೋಡುತ್ತಾ ಕೂರುವ ಬದಲು, ಮೇಡಂ ಅವರನ್ನು ಕೇಳಿ ಒಳಗೆ ಹಿಂದಿನ ಸಾಲಿನಲ್ಲಿ ಕೂತೆ. ರಾತ್ರಿ ಚಪಾತಿ ಲಟ್ಟಿಸುತ್ತಾ ಅದನ್ನೇ ಹಾಡುತ್ತಿದ್ದೆ. ತಪ್ಪು ಹಾಡಲು ನಾಟಕ ಮಾಡಬೇಕಾಗಲಿಲ್ಲ, ನನಗೆ ನಿಜವಾಗಿಯೂ ಬರುತ್ತಿರಲಿಲ್ಲ. ನಾಲ್ಕನೇ ದಿನವೋ ಐದನೇ ದಿನವೋ ನಡುಮನೆಯಿಂದ ಕೂಗು ಬಂತು: "ಅಮ್ಮಾ, ಅದು ಹಾಗಲ್ಲ." ಬಂದು ಹೇಳಿಕೊಟ್ಟ. ಅವತ್ತಿಂದ ಅವನು ಮೇಷ್ಟ್ರು, ನಾನು ದಡ್ಡಿ.

ಜಪಾನಿನ ವಯೊಲಿನ್ ಗುರು ಶಿನಿಚಿ ಸುಜುಕಿ (1898–1998) ಇದನ್ನೇ ಒಂದು ಪದ್ಧತಿ ಮಾಡಿಟ್ಟಿದ್ದಾರೆ ಅಂತ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಎಲ್ಲ ಮಕ್ಕಳೂ ತಾಯಿನುಡಿಯನ್ನು ಕೇಳಿ ಕೇಳಿಯೇ ಕಲಿಯುತ್ತಾರೆ, ಸಂಗೀತವೂ ಹಾಗೇ ಬರಲಿ ಅನ್ನುವುದು ಅವರ ಲೆಕ್ಕ. ಆ ಪದ್ಧತಿಯಲ್ಲಿ ಮೊದಲು ವಯೊಲಿನ್ ಹಿಡಿಯುವುದು ಅಪ್ಪ ಅಥವಾ ಅಮ್ಮ. ಮಗು ನೋಡುತ್ತಾ ಇರುತ್ತದೆ, ನನಗೂ ಕೊಡಿ ಅಂತ ತಾನಾಗಿ ಕೇಳುವವರೆಗೆ. ನಿಮಗೆ ಸಂಗೀತ ಬರುವುದಿಲ್ಲ ಅಂದಿರಲ್ಲ, ಒಳ್ಳೆಯದೇ ಆಯಿತು ಬಿಡಿ. ಮಗಳಿಗೆ ಒಬ್ಬ ಶಿಷ್ಯೆ ಸಿಕ್ಕಳು.

ಮಂಡ್ಯದಿಂದ, ದಿನಾ ಮೈಸೂರಿಗೆ ರೈಲಿನಲ್ಲಿ ಓಡಾಡುವ ಅಪ್ಪ

ನನಗೂ ಸ್ವರದ ಗಂಧಗಾಳಿ ಇಲ್ಲ. ಚಿಕ್ಕವನಿದ್ದಾಗ ಒಂದು ವರ್ಷ ಮೃದಂಗ ಕಲಿತಿದ್ದೆ, ನಾಲ್ಕು ಸೊಲ್ಲು (ತಾಳವನ್ನು ಬಾಯಲ್ಲಿ ಹೇಳುವ ತಕ, ತಕಿಟ ಥರದ ಮಾತು) ನೆನಪಿತ್ತು. ಭಾನುವಾರ ಮಗಳನ್ನು ಮೈಸೂರಿನ ಅಜ್ಜಿ ಮನೆಗೆ ಕರೆದುಕೊಂಡು ಹೋಗುವಾಗ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿಯಲ್ಲಿ ಈ ಆಟ ಹುಟ್ಟಿತು. ಊರಿನ ಹೆಸರಿನ ಅಕ್ಷರ ಎಣಿಸಬೇಕು. ಅಷ್ಟೇ ಉದ್ದದ ಸೊಲ್ಲನ್ನು ತೊಡೆಯ ಮೇಲೆ ತಟ್ಟಿ ಹೇಳಬೇಕು.

ಮಂಡ್ಯ ಎರಡು: ತಕ. ಯಲಿಯೂರು ನಾಲ್ಕು: ತಕಧಿಮಿ. ಬ್ಯಾಡರಹಳ್ಳಿ, ಪಾಂಡವಪುರ ಎರಡೂ ಐದು: ತಕತಕಿಟ. ಶ್ರೀರಂಗಪಟ್ಟಣ ಆರು, ಅಂದರೆ ತಕಿಟ ತಕಿಟ. ನಾಗನಹಳ್ಳಿ ಮತ್ತೆ ಐದು. ಮೈಸೂರಿಗೆ ಬಂದರೆ ಮೂರು: ತಕಿಟ. ಇಳಿಯುವಾಗ ಕಿಟಕಿ ಪಕ್ಕದ ಅಜ್ಜಿಯೂ ತಟ್ಟುತ್ತಿದ್ದರು.

"ಏಳಕ್ಕೆ ಯಾವ ಊರು ಅಪ್ಪಾ?" ಅಂತ ಕೇಳಿದಳು. ನನಗೆ ಹೊಳೆಯಲಿಲ್ಲ. ಮುಂದಿನ ವಾರ ಹಲ್ಲುಜ್ಜುತ್ತಾ ನೊರೆ ಬಾಯಲ್ಲೇ ಅವಳೇ ಹೇಳಿದಳು: ಕೃಷ್ಣರಾಜಸಾಗರ! ತಕಧಿಮಿ ತಕಿಟ. ಮೃದಂಗದವರು ಏಳಕ್ಕೆ ತಕಿಟ ಮೊದಲು, ತಕಧಿಮಿ ಆಮೇಲೆ ಹೇಳುವುದು ರೂಢಿ. ನಮ್ಮದು ಉಲ್ಟಾ ಆಯಿತು, ಇರಲಿ. ಮೂರು, ನಾಲ್ಕು, ಐದು, ಏಳು, ಒಂಬತ್ತು. ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಅಂತ ತಾಳದ ಎಣಿಕೆಯಲ್ಲಿ ಐದು ಜಾತಿ ಇದೆಯಲ್ಲ, ಅದರಲ್ಲಿ ನಾಲ್ಕು ಅವಳಿಗೆ ಊರಿನ ಹೆಸರಲ್ಲೇ ಬಂತು. ಒಂಬತ್ತಕ್ಕೆ ಇನ್ನೂ ಹುಡುಕುತ್ತಿದ್ದೇವೆ. ಗೊತ್ತಿದ್ದವರು ಹೇಳಿ.

ನಿವೃತ್ತ ಕನ್ನಡ ಮೇಷ್ಟ್ರು, ಮೈಸೂರು

ಮಂಡ್ಯದವರ ಆಟ ಚೆನ್ನಾಗಿದೆ, ಆದರೆ ಒಂದು ಸಣ್ಣ ತಕರಾರು. ಅಕ್ಷರ ಬೇರೆ, ಅದನ್ನು ಹೇಳಲು ಹಿಡಿಯುವ ಹೊತ್ತಿನ ಅಳತೆ, ಅಂದರೆ ಮಾತ್ರೆ, ಬೇರೆ. ಮಂಡ್ಯದಲ್ಲಿ 'ಮಂ' ಗುರು, ಎರಡು ಮಾತ್ರೆ. 'ಡ್ಯ' ಲಘು, ಒಂದು. ಒಟ್ಟು ಮೂರು. ಹಾಗಾಗಿ ಬಾಯಲ್ಲಿ ಹೇಳುವಾಗ ತಕಿಟಕ್ಕೆ ಕೂರುವುದು ಮಂಡ್ಯ, ಮೈಸೂರಲ್ಲ. ಮೈಸೂರು ಎರಡು, ಎರಡು, ಒಂದು, ಐದು ಮಾತ್ರೆ. ಮದ್ದೂರು, ಮಳವಳ್ಳಿ ಕೂಡ ಐದೇ.

ಮಂಡ್ಯದ ಅಪ್ಪ, ಮತ್ತೆ

ಒಪ್ಪಿದೆ ಸರ್, ಮಂಡ್ಯಕ್ಕೆ ಒಂದು ಜಾಸ್ತಿ ಸಿಕ್ಕಿತಲ್ಲ! ಆದರೆ ನಮ್ಮ ಮಗಳಿಗೆ ಈಗಿನ್ನೂ ಐದೂವರೆ. ಗುರು ಲಘು ಹೈಸ್ಕೂಲಿಗೆ ಇರಲಿ.

ಲಕ್ಷ್ಮೀಪುರಂನಿಂದ, ಸಂಗೀತ ಪಾಠ ಮಾಡುವವಳು

ನಾನು ಆಚೆ ಕಡೆಯವಳು, ಅಂದರೆ "ಮನೆಯಲ್ಲಿ ಅಭ್ಯಾಸ ಮಾಡಿಸಿ" ಅಂತ ಹೇಳುವವಳು. ಅರ್ಧ ಗಂಟೆ ಅಂದವರು ಬಹುಶಃ ದೊಡ್ಡ ಮಕ್ಕಳ ಲೆಕ್ಕದಲ್ಲಿ ಹೇಳಿದ್ದಾರೆ. ನಾಲ್ಕೂವರೆ ವರ್ಷಕ್ಕೆ ಐದು ನಿಮಿಷ ಸಾಕು. ಅದೂ ಮಗು "ಇನ್ನೊಂದು ಸಲ" ಅನ್ನುವಾಗಲೇ ನಿಲ್ಲಿಸಬೇಕು. ಸಾಕು ಅನ್ನುವ ತನಕ ಎಳೆದರೆ ನಾಳೆ ಬರುವುದಿಲ್ಲ.

ಸರಳೆ ವರಸೆಯನ್ನು, ಅಂದರೆ ಸರಿಗಮದ ಮೊದಲ ಪಾಠಗಳನ್ನು, ಬೈಯಬೇಡಿ ಮಾತ್ರ. ಪುರಂದರದಾಸರು ಹಾಕಿಕೊಟ್ಟದ್ದು ಅಂತ ನಾವೆಲ್ಲ ಅದನ್ನು ಮಾಯಾಮಾಳವಗೌಳದಲ್ಲೇ ಶುರು ಮಾಡುತ್ತೇವೆ. ಆ ರಾಗದಲ್ಲಿ ಒಂದು ಚಂದದ ಲೆಕ್ಕ ಇದೆ, ಅದನ್ನು ನಾನು ಅಂಗಳದಲ್ಲಿ ಗೆರೆ ಎಳೆದು ಆಡಿಸುತ್ತೇನೆ. ಸೀಮೆಸುಣ್ಣ ತೆಗೆದುಕೊಳ್ಳಿ. ಅಳತೆಗೆ ಮಗುವಿನದೇ ಗೇಣು. ಸ ಗೆರೆಯಿಂದ ರಿ ಗೆರೆಗೆ ಒಂದು ಗೇಣು. ರಿಯಿಂದ ಗಕ್ಕೆ ಮೂರು. ಗದಿಂದ ಮಕ್ಕೆ ಒಂದು. ಮದಿಂದ ಪಕ್ಕೆ ಎರಡು. ಆಮೇಲೆ ಮೊದಲಿನ ಥರವೇ: ಪ-ದ ಒಂದು, ದ-ನಿ ಮೂರು, ನಿಯಿಂದ ಮೇಲಿನ ಸಕ್ಕೆ ಒಂದು. ಒಟ್ಟು ಹನ್ನೆರಡು ಗೇಣು, ಒಂದು ಸ್ಥಾಯಿಯಲ್ಲಿ, ಅಂದರೆ ಸದಿಂದ ಮೇಲಿನ ಸ ತನಕ, ಹನ್ನೆರಡು ಸ್ವರಸ್ಥಾನ ಇರುವ ಹಾಗೆ. ಎರಡೂ ಕಾಲು ಸೇರಿಸಿ ಗೆರೆಯಿಂದ ಗೆರೆಗೆ ನೆಗೆಯುತ್ತಾ ಆ ಸ್ವರ ಹಾಡಬೇಕು. ರಿಯಿಂದ ಗಕ್ಕೆ ದೊಡ್ಡ ನೆಗೆತ ಅಂತ ಕಾಲಿಗೆ ಗೊತ್ತಾದರೆ ಗಂಟಲಿಗೂ ನಿಧಾನಕ್ಕೆ ಗೊತ್ತಾಗುತ್ತದೆ. ಗಟ್ಟಿಯಾಗಿ ಗಾ ಅಂತ ಕೂಗಿ ಬೀಳುವವರೇ ಜಾಸ್ತಿ. ಬೀಳಲಿ.

ಅದಕ್ಕೂ ಮುಂಚೆ, ಇನ್ನೂ ಸುಲಭಕ್ಕೆ, ಅಂಗಡಿಯಲ್ಲಿ ಸಿಗುವ ಮಕ್ಕಳ ಜೈಲೋಫೋನ್. ಎಂಟು ಪಟ್ಟಿಯದು, ಪಟ್ಟಿ ಬಿಚ್ಚಲು ಬರುವಂಥದ್ದು. ಅದರಲ್ಲಿ ನಾಲ್ಕನೆಯದನ್ನೂ ಏಳನೆಯದನ್ನೂ ತೆಗೆದಿಡಿ. ಉಳಿದದ್ದು ಸ ರಿ ಗ ಪ ದ ಸ, ನಮ್ಮ ಮೋಹನ ರಾಗ. ಎಲ್ಲಿ ಬಡಿದರೂ ಕಿವಿಗೆ ಕಚ್ಚುವುದಿಲ್ಲ. ಜರ್ಮನಿಯ ಸಂಗೀತಗಾರ ಕಾರ್ಲ್ ಆರ್ಫ್ (1895–1982) ಮಕ್ಕಳಿಗಾಗಿ ಮಾಡಿಸಿದ ವಾದ್ಯಗಳಲ್ಲಿ ಇದೇ ಉಪಾಯ ಇತ್ತು, ಬೇಡದ ಪಟ್ಟಿ ತೆಗೆದುಬಿಡುವುದು. ಕೊಳ್ಳುವ ಮುಂಚೆ ತಂಬೂರಿ ಆಪ್ ಹಾಕಿ ಸ ಕೂಡುತ್ತದಾ ನೋಡಿ, ಅರ್ಧಕ್ಕರ್ಧ ಆಟಿಕೆಗಳು ಅಪಶ್ರುತಿ.

ಇನ್ನೊಂದು. ಅಪ್ಪಂದಿರು ತಮ್ಮ ತಗ್ಗು ದನಿಯಲ್ಲಿ ಸ ಹಿಡಿದು "ಹೇಳು" ಅನ್ನುತ್ತಾರೆ. ಮಗುವಿನ ಗಂಟಲು ಅಲ್ಲಿಗೆ ಇಳಿಯುವುದೇ ಇಲ್ಲ, ಅದು ಗೊರಗೊರ ಅನ್ನುತ್ತದೆ. ಆಗ "ಇವಳಿಗೆ ಶ್ರುತಿ ಇಲ್ಲ" ಅಂತ ತೀರ್ಪು. ಮಗು ತಾನಾಗಿ ಹಾಡುವಾಗ ಯಾವ ಎತ್ತರದಲ್ಲಿ ಹಾಡುತ್ತದೋ ಅದೇ ಅವಳ ಶ್ರುತಿ. ಅದಕ್ಕೆ ನೀವು ಹೊಂದಿಕೊಳ್ಳಿ.

ಅತ್ತೆ ದೇವರನಾಮ ಹೇಳುತ್ತಾರೆ, "ಅಷ್ಟೆ" ಅಂದಿರಿ. ಅಷ್ಟೇ ಅಲ್ಲಮ್ಮಾ, ನಿಮ್ಮ ಮನೆಯಲ್ಲಿ ಇರುವ ದೊಡ್ಡ ಪಾಠಶಾಲೆ ಅದು. ಕ್ಲಾಸ್ ವಿಷಯ: ಅಭ್ಯಾಸ ಅಂದರೆ ಮಗುವಿಗೆ ಹೊಟ್ಟೆನೋವು ಬರುತ್ತಿದೆ ಅಂತ ಮೇಡಂ ಹತ್ತಿರ ನೇರವಾಗಿ ಹೇಳಿ, ದಸರಾ ತನಕ ಬಿಡುವು ಕೇಳಿ. ನನಗಂತೂ ಯಾರಾದರೂ ಹೀಗೆ ಹೇಳಿದರೆ ಬೇಜಾರಾಗುವುದಿಲ್ಲ. ಹೇಳದೆ ಬಿಟ್ಟುಹೋದರೆ ಆಗುತ್ತದೆ.

ಪಾಂಡವಪುರದ ಹತ್ತಿರದ ಹಳ್ಳಿಯಿಂದ, ತಾತ

ನಮ್ಮ ಕಡೆ ಹೈಕಳಿಗೆ ತಾಳ ಯಾರೂ ಕಲಿಸಲಿಲ್ಲ. ಊರ ಹಬ್ಬದಲ್ಲಿ ತಮಟೆ ಮುಂದೆ ಕುಣಿದೇ ಬಂತು. ಮಾದಪ್ಪನ ಕಂಸಾಳೆಯವರು ಬಂದರೆ ಹಿಂದೆ ಮೂರು ಬೀದಿ ಹೋಗುತ್ತಿದ್ದೆವು. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದು ಕೈಯಲ್ಲಿ ಗೊಂಡೆ ಕಟ್ಟಿದ ತಾಳ. ಮನೆಗೆ ಬಂದು ಡಬ್ಬಿ ಮುಚ್ಚಳದಲ್ಲಿ ಅದನ್ನೇ ಮಾಡಿ ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದೆವು.

ತಾಯಿ, ನಿಮ್ಮ ಚಿಕ್ಕವನು ಬಡಿಯುತ್ತಾನಲ್ಲ, ಅವನಿಗೆ ಬೈಯಬೇಡಿ, ಕೆಲಸ ಕೊಡಿ. ಅಜ್ಜಿ ಹಾಡಿನ ಒಂದು ಸಾಲು ಮುಗಿದ ತಕ್ಷಣ ಅವನು ಒಂದು ಏಟು ಹಾಕಬೇಕು. ಒಂದೇ. ನನ್ನ ಮೊಮ್ಮಗ ಎರಡು ವರ್ಷಕ್ಕೆ ಆ ಏಟಿಗಾಗಿ ಕೋಲೆತ್ತಿಕೊಂಡು ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಕಾಯುವುದು ಬಂತಲ್ಲ, ತಾಳ ಇನ್ನೇನು? ಹಾಳು ಪ್ಲಾಸ್ಟಿಕ್ ಡ್ರಮ್ ತರಬೇಡಿ. ಡಬ್ಬಿಗೆ ಒಂದು ಹಿಡಿ ರಾಗಿ ಹಾಕಿ ಮುಚ್ಚಳ ಬಿಗಿಯಾಗಿ ಟೇಪ್ ಸುತ್ತಿ, ಗಿಲಕಿ ಆಯಿತು.

ವಿಜಯನಗರದಿಂದ, ಒಬ್ಬಳೇ ಮಗಳ ಅಪ್ಪ

ಸ್ವಲ್ಪ ಕಹಿ ಮಾತು. ನಾವು ಆಟ ಆಟ ಅಂತ ಕೀಬೋರ್ಡು, ಹಾಡುವ ಮ್ಯಾಟು, ಟ್ಯಾಬಿನಲ್ಲಿ ಮೂರು ಆಪು ತಂದೆವು. ಒಂದು ಗುಂಡಿ ಒತ್ತಿದರೆ ಇಡೀ ಹಾಡು ಅದೇ ಹಾಡುತ್ತದೆ. ಮಗಳು ಒತ್ತಿದಳು, ಕೇಳಿದಳು, ಮತ್ತೆ ಒತ್ತಿದಳು. ಅವಳು ಮಾಡಬೇಕಾದ ಕೆಲಸವನ್ನೆಲ್ಲ ಸಾಮಾನೇ ಮಾಡಿತು. ಈಗ ಎಲ್ಲ ಅಟ್ಟದ ಮೇಲಿದೆ. ಕೊನೆಗೆ ನಡೆದದ್ದು ಆರು ಗಾಜಿನ ಲೋಟ, ನೀರು, ಒಂದು ಚಮಚ. ಬಡಿದಾಗ ನೀರು ಜಾಸ್ತಿ ಇದ್ದ ಲೋಟದ ದನಿ ತಗ್ಗು. ಬಾಟಲಿಗೆ ನೀರು ಹಾಕಿ ಅದರ ಬಾಯಿಗೆ ಊದಿದರೆ ಉಲ್ಟಾ, ನೀರು ಜಾಸ್ತಿ ಆದಷ್ಟು ದನಿ ಮೇಲೆ. ಯಾಕೆ ಅಂತ ಒಂದು ವಾರ ತಲೆ ತಿಂದಳು. ಬಡಿದಾಗ ನಡುಗುವುದು ಗಾಜು ಮತ್ತು ನೀರು, ಊದಿದಾಗ ನಡುಗುವುದು ಮೇಲೆ ಉಳಿದ ಗಾಳಿ.

ಬೋಗಾದಿಯಿಂದ, ಅಮ್ಮ

ಒಂದು ಮಾತು ಎಲ್ಲರೂ ಬಿಟ್ಟಿದ್ದೀರಿ. ಮಗುವಿಗೆ ಕಿವಿ ಸರಿಯಾಗಿ ಕೇಳುತ್ತದಾ? ನಮ್ಮ ಹುಡುಗ ಶ್ರುತಿಗೆ ಕೂಡುತ್ತಲೇ ಇರಲಿಲ್ಲ. ಟಿವಿ ದನಿ ಏರಿಸುತ್ತಿದ್ದ, ಕರೆದರೆ ತಿರುಗುತ್ತಿರಲಿಲ್ಲ. ಹಟ ಅಂದುಕೊಂಡೆವು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದೆವು. 1965ರಲ್ಲಿ ಶುರುವಾದದ್ದು, ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನಮಗೆ ಮನೆ ಹತ್ತಿರವೇ ಇದ್ದೂ ಹೊಳೆದಿರಲಿಲ್ಲ. ನೆಗಡಿ ಆಗಿ ಆಗಿ ಕಿವಿಯ ತಮಟೆಯ ಹಿಂದೆ ನೀರು ತುಂಬಿತ್ತಂತೆ. ಔಷಧಿ, ಸ್ವಲ್ಪ ಸಮಯ, ಸರಿಹೋಯಿತು. ನಿಮ್ಮ ಮಗಳು ಗುನುಗುತ್ತಿದ್ದಳು ಅಂದರೆ ಇದು ಇರಲಿಕ್ಕಿಲ್ಲ. ಆದರೂ ಸಂಶಯ ಬಂದರೆ ತಡ ಮಾಡಬೇಡಿ.

ಒಂಟಿಕೊಪ್ಪಲಿನಿಂದ, ಅಜ್ಜಿ

ಗಣೇಶನ ಹಬ್ಬ ಬರುತ್ತಿದೆ. ನಮ್ಮ 8ನೇ ಕ್ರಾಸಿನ ಪೆಂಡಾಲಿನಲ್ಲಿ ದಿನಾ ಸಂಜೆ ಸಂಗೀತ ಕಛೇರಿ, ದುಡ್ಡು ಕೊಡಬೇಕಿಲ್ಲ. ಮಕ್ಕಳನ್ನು ಕರೆತನ್ನಿ. ಮುಂದೆ ಕೂರಿಸಿ "ಶ್‌ಶ್" ಅನ್ನಬೇಡಿ. ಅಂಚಿನಲ್ಲಿ ಕೂತು, ಒಂದೆರಡು ಕೃತಿ ಆದಮೇಲೆ ಚುರುಮುರಿ ಕೊಡಿಸಿ ಕರೆದುಕೊಂಡು ಹೋಗಿ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಸಿಕ್ಕರೆ ಅದೃಷ್ಟ, ಮೃದಂಗ ಘಟ ಜಗಳ ಆಡುವುದು ಮಕ್ಕಳಿಗೆ ಬಲು ಇಷ್ಟ. ಹಿಂದೆ ನವರಾತ್ರಿಯಲ್ಲಿ ಮನೆಮನೆಗೆ ಬೊಂಬೆ ನೋಡಲು ಹೋದಾಗ "ಒಂದು ಹಾಡು ಹೇಳು ಪುಟ್ಟಿ" ಅನ್ನುತ್ತಿದ್ದರು. ಹೇಳಿದರೆ ಬೊಂಬೆ ಬಾಗಿನ ಕೈಗೆ. ನನ್ನ ಮೊದಲ ಕಛೇರಿ, ಸಂಭಾವನೆ ಎರಡು ಚಕ್ಕುಲಿ.

ಕುವೆಂಪುನಗರದಿಂದ, ಪ್ರಶ್ನೆ ಕೇಳಿದವಳು, ಒಂದು ತಿಂಗಳ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಮೇಡಂ ದಸರಾ ತನಕ ಬಿಡುವು ಕೊಟ್ಟರು, ಬೇಜಾರು ಮಾಡಿಕೊಳ್ಳಲಿಲ್ಲ. ಗೇಣಿನ ಆಟ ಟೆರೇಸಿನ ಮೇಲೆ ನಡೆಯುತ್ತಿದೆ. ಸ್ವರ ಇನ್ನೂ ಎಲ್ಲೆಲ್ಲೋ ಇದೆ, ಆದರೆ ರಿಯಿಂದ ಗಕ್ಕೆ ನೆಗೆಯುವಾಗ ಕಣ್ಣು ದೊಡ್ಡದು ಮಾಡುತ್ತಾಳೆ. ಚಿಕ್ಕವನಿಗೆ ಏಟಿನ ಕೆಲಸ ಕೊಟ್ಟಿದ್ದೇವೆ, ಅವನು ಇನ್ನೂ ಕಾಯುವುದಿಲ್ಲ, ಸಾಲಿನ ಮಧ್ಯೆಯೇ ನಾಲ್ಕು ಹಾಕುತ್ತಾನೆ. ಯಜಮಾನರು ಶ್ರುತಿ ಏರಿಸಲು ಹೋಗಿ ಗಂಟಲು ಕಟ್ಟಿಕೊಂಡರು. ಜೈಲೋಫೋನಿನಿಂದ ತೆಗೆದಿಟ್ಟ ಎರಡು ಪಟ್ಟಿಯನ್ನು ಮಗಳು ಎಲ್ಲೋ ಬಚ್ಚಿಟ್ಟಿದ್ದಾಳೆ, ಸಿಕ್ಕಿಲ್ಲ. ಗುನುಗುವುದು ಕಳೆದ ಮಂಗಳವಾರ ಬಂತು, ಸ್ನಾನದ ಮನೆಯಲ್ಲಿ. ನಾವು ಯಾರೂ ಏನೂ ಅನ್ನಲಿಲ್ಲ.

ಮಂಡ್ಯದ ಸರ್, ನಿಮ್ಮ ಒಂಬತ್ತು ನಮ್ಮ ಅತ್ತೆಗೆ ಸಿಕ್ಕಿತು, ಭಾನುವಾರ ಟಿಕೆಟ್ ಸಾಲಿನಲ್ಲಿ ನಿಂತಾಗ: ಚಾಮರಾಜೇಂದ್ರ ಮೃಗಾಲಯ. ತಕತಕಿಟ ತಕಧಿಮಿ. ಮುಂದೆ ಶ್ರೀ ಸೇರಿಸಬೇಡಿ, ಹತ್ತಾಗಿಬಿಡುತ್ತದೆ.