ಅಪ್‌ಡೇಟ್: ಅಪ್ಪನ ಡಿಸೆಬಿಲಿಟಿ ಪಿಂಚಣಿ ಶೇ. 30ರಿಂದ 50ಕ್ಕೆ ಏರಿತು

ಮೊಣಕಾಲಿಗೆ ಪೆಟ್ಟಾಗಿ ಸೇನೆಯಿಂದ ಬೋರ್ಡ್ ಔಟ್ ಆದ (ಮೆಡಿಕಲ್ ಬೋರ್ಡ್ ಅನರ್ಹ ಅಂದು ಸೇವೆಯಿಂದ ಬಿಡುಗಡೆಯಾದ) ಅಪ್ಪನಿಗೆ ಈಗ ನೋವು ಜಾಸ್ತಿ, ಶೇ. 30 ಅಂತ ಇರುವ ಅಂಗವೈಕಲ್ಯದ ಪ್ರಮಾಣವನ್ನು ಏರಿಸುವುದು ಹೇಗೆ ಅಂತ ಕೇಳಿದ್ದೆ ಅಲ್ವಾ? ಕೆಲಸಕ್ಕೆ ಬಂದದ್ದು "ಮೊದಲು ಪಿಪಿಒ (ಪಿಂಚಣಿ ಪಾವತಿ ಆದೇಶ) ನೋಡಿ" ಅಂದವರ ಮಾತು. ಬೋರ್ಡ್ ಔಟ್ ಆದವರಿಗೆ ಬೋರ್ಡ್ ಕೊಟ್ಟ ಶೇಕಡಾವಾರು 50ಕ್ಕಿಂತ ಕಡಿಮೆ ಇದ್ದರೆ ಪಿಂಚಣಿಗೆ 50, 50ರಿಂದ 75ರವರೆಗೆ 75, ಅದಕ್ಕೂ ಮೇಲಿದ್ದರೆ 100 ಅಂತ ಲೆಕ್ಕ ಹಿಡಿಯಬೇಕು. ಅಪ್ಪನದು 30ರಲ್ಲೇ ನಿಂತಿತ್ತು! ಮೆಡಿಕಲ್ ಬೋರ್ಡ್ ವರದಿ, ಪಿಪಿಒ ಪ್ರತಿ ಸೇರಿಸಿ ರೆಕಾರ್ಡ್ ಆಫೀಸಿಗೆ (ಸೈನಿಕರ ಸೇವಾ ದಾಖಲೆ ಇಡುವ ಕಚೇರಿ) ಸ್ಪೀಡ್ ಪೋಸ್ಟ್ ಮಾಡಿದೆವು, ಹೊಸ ಪಿಪಿಒ ಬಂತು. ಅರ್ಜಿ ಬರೆಯಲು ಬೆಂಗಳೂರಿನ ಸೈನಿಕ ಕಲ್ಯಾಣ ಇಲಾಖೆಯವರು ಸಹಾಯ ಮಾಡಿದರು. ಖಾಸಗಿ ಆಸ್ಪತ್ರೆಯ ಸರ್ಟಿಫಿಕೇಟ್ ಮಾತ್ರ ಉಪಯೋಗಕ್ಕೆ ಬರಲಿಲ್ಲ, ಶೇಕಡಾವಾರು ಹೇಳಬೇಕಾದ್ದು ಸೇನೆಯ ಮೆಡಿಕಲ್ ಬೋರ್ಡೇ. ಇನ್ನೊಂದು ಗೊತ್ತಾಯಿತು: ರೀಸರ್ವೆ ಬೋರ್ಡ್ (ಮತ್ತೆ ಪರೀಕ್ಷೆ ಮಾಡುವ ಮೆಡಿಕಲ್ ಬೋರ್ಡ್) 40 ಕೊಟ್ಟರೂ ಸಿಗುವುದು ಅದೇ 50ರ ದುಡ್ಡು. 50 ಮುಟ್ಟಿದರೆ ಮಾತ್ರ 75. ಸುಮ್ನೆ ಓಡಾಡುವ ಮೊದಲು ಇದನ್ನು ನೋಡಿಕೊಳ್ಳಿ.